ದೊಡ್ಡ ಮೇಡಂ ಪರದೆ

ಪರದೆಯ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಹಿತ್ತಾಳೆಯ ಕೊಕ್ಕೆಗಳು, ಕಂಬಿಗೆ ತಾಗಿದರೆ ಸದ್ದು ಮಾಡುತ್ತವೆ. ಅದಕ್ಕೇ ಪ್ರತಿಯೊಂದನ್ನೂ ಬೆರಳಲ್ಲಿ ಹಿಡಿದು, ಮೆಲ್ಲಗೆ ಜಾರಿಸಿ, ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಹಿಂದೆ ಬಾಗಿಲಲ್ಲಿ ಆಫೀಸಿನವರು ಗುಂಪಾಗಿ ನಿಂತಿದ್ದರು. ಒಬ್ಬರು ಕೆಮ್ಮು ಬಂದದ್ದನ್ನೂ ನುಂಗಿಕೊಂಡರು. ಕೊನೆಯ ಕೊಕ್ಕೆ ಬಿಟ್ಟಾಗ ಪರದೆ ತನ್ನ ಭಾರಕ್ಕೆ ತಾನೇ ಕುಸಿದು ನನ್ನ ತೋಳುಗಳ ಮೇಲೆ ಬಂತು. ಹಸಿರು ಬಣ್ಣದ್ದು, ಮೂರು ಪದರದ ನೇಯ್ಗೆ. ಅಷ್ಟು ದಪ್ಪದ ಪರದೆ ನಮ್ಮ ಕಂಪನಿಯಲ್ಲಿ ಇನ್ನೊಂದಿರಲಿಲ್ಲ. ಅದರ ಹಿಂದೆ ಒಂದು ಚಾಪೆ, ಒಂದು ದಿಂಬು, ಗೋಡೆಯಲ್ಲಿ ಒಂದು ಮೊಳೆ. ಅಷ್ಟೇ ಇದ್ದದ್ದು. ಬಾಗಿಲಲ್ಲಿ ನಿಂತವರು ಮೋಸ ಹೋದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಜಾಗ ನಮ್ಮ ಜನರಲ್ ಮ್ಯಾನೇಜರ್ ಇಂದುಮತಿ ಮೇಡಂ ಅವರದು. ದೊಡ್ಡ ಮೇಡಂ ಅಂತಲೇ ಎಲ್ಲರೂ ಕರೆಯುತ್ತಿದ್ದೆವು. ಹಿಂದಿನ ಸಂಜೆ ಅವರು ಬೀಗದ ಕೈಗೊಂಚಲು ತಂದು ಸಾಹುಕಾರರ ಮೇಜಿನ ಮೇಲಿಟ್ಟು, "ನಾಳೆಯಿಂದ ನಾನು ಬರೋದಿಲ್ಲ" ಅಂದರಂತೆ. ಸಾಹುಕಾರರು ಏನೋ ಕೇಳಲು ಬಾಯಿ ತೆರೆಯುವುದರೊಳಗೆ ಕೊಡೆ ಬಿಡಿಸಿಕೊಂಡು ಗೇಟು ದಾಟಿದ್ದರಂತೆ. ಕಾರಣ ಹೇಳಲಿಲ್ಲ. ಯಾರ ಜೊತೆಗೂ ಜಗಳವಾಡಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವ ಹುಡುಗಿಯಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದವರು ಅವರು. ಕಂಪನಿ ಅಂದರೆ ಸಾಹುಕಾರರ ಮುಖಕ್ಕಿಂತ ಮೊದಲು ಅವರ ಮುಖವೇ ನೆನಪಾಗುವುದು.

ನಮ್ಮದು ಪರದೆ ನೇಯುವ ಕಂಪನಿ. ಈ ಊರಲ್ಲಿ ಪರದೆಯಿಲ್ಲದೆ ಬದುಕು ಸಾಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ, ಇಲ್ಲಿಯ ಬಿಸಿಲು ಹಾಗಿದೆ. ಹಗಲು ಮಲಗಿದವರ ಕನಸು ತಲೆದಿಂಬಿನ ಕಡೆಯಿಂದ ಹೊರಟು ನೆಲದ ಮೇಲೆ ಹರಡಿಕೊಳ್ಳುತ್ತದೆ, ಚೊಂಬಿನಿಂದ ಚೆಲ್ಲಿದ ನೀರಿನ ಹಾಗೆ. ಬಗ್ಗಿದರೆ ಸಾಕು, ಎಲ್ಲ ಕಾಣುತ್ತದೆ. ರಾತ್ರಿಯ ಕತ್ತಲಲ್ಲಿ ಆ ಭಯವಿಲ್ಲ. ಇನ್ನೊಬ್ಬರ ಕನಸನ್ನು ನೋಡಬಾರದು ಅಂತ ನಾವು ಮಕ್ಕಳಿಗೆ ಹೆಜ್ಜೆ ಇಡುವುದನ್ನು ಕಲಿಸುವಾಗಲೇ ಕಲಿಸುತ್ತೇವೆ. ಯಾಕೆಂದರೆ ಕೊನೆಯವರೆಗೆ ನೋಡಿಬಿಟ್ಟರೆ ಅದು ನೋಡಿದವರ ಪಾಲಾಗುತ್ತದೆ. ಮೊದಲಿನವರಿಗೆ ಆಮೇಲೆ ಅದು ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಮ್ಮ ಬೀದಿಯ ತುಂಗಮ್ಮ ಮದುವೆಯಾದ ಹೊಸತರಲ್ಲಿ ಗಂಡನ ಸಮುದ್ರದ ಕನಸನ್ನು ಪೂರ್ತಿ ನೋಡಿಬಿಟ್ಟರು. ಮೊಮ್ಮಕ್ಕಳಾದರೂ ಆ ಮನುಷ್ಯ ಇವತ್ತಿಗೂ ಊಟಕ್ಕೆ ಕೂತಾಗ, "ನನ್ನ ಸಮುದ್ರ ಹೆಂಗಿದೆಯೇ?" ಅಂತ ಕೇಳುತ್ತಾರೆ. ವಾಪಸ್ ಪಡೆಯುವ ದಾರಿ ಒಂದಿದೆ. ತೆಗೆದುಕೊಂಡವರು ಮಲಗಬೇಕು, ಕಳೆದುಕೊಂಡವರು ಪಕ್ಕದಲ್ಲಿ ಕೂತು ಕೊನೆಯವರೆಗೆ ನೋಡಬೇಕು. ಹಾಗೆ ಕೊಟ್ಟವರನ್ನು ಮಾತ್ರ ನಾನು ಕಂಡಿಲ್ಲ.

ಕಂಪನಿಯಲ್ಲಿ ನನ್ನ ಕೆಲಸ ನಿದ್ದೆಮನೆಯದು. ಚಾಪೆ ಹಾಸಬೇಕು, ಪರದೆ ಎಳೆಯಬೇಕು, ಹೊತ್ತಾದ ಮೇಲೆ ಪರದೆಯ ಆಚೆಯಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸಬೇಕು. ಎಬ್ಬಿಸುವವಳು ಛಾವಣಿ ನೋಡಿಕೊಂಡು ನಡೆಯಬೇಕು ಅನ್ನುವುದು ನಿಯಮ. ನನಗಿಂತ ಮುಂಚೆ ಇದ್ದ ಯಾರೋ ಬೇಸರ ಕಳೆಯಲಿ ಅಂತ ಛಾವಣಿಯ ಉದ್ದಕ್ಕೂ ಗಿಳಿಗಳನ್ನು ಬರೆಸಿದ್ದಾರೆ. ಆ ಗಿಳಿಗಳನ್ನು ನೋಡುತ್ತಾ ನೋಡುತ್ತಾ ನಾನು ಇಲ್ಲಿ ದೊಡ್ಡವಳಾದೆ. ಕಾಲಿನ ಹತ್ತಿರ ಪರದೆಯ ಅಂಚಿನಿಂದ ಒಂದಿಷ್ಟು ಬಣ್ಣ ಸೋರಿರುತ್ತದೆ, ಅದು ಕಣ್ಣಂಚಿಗೆ ಸಿಕ್ಕೇ ಸಿಗುತ್ತದೆ. ಅಕೌಂಟ್ಸಿನ ಫಣಿರಾಜ್ ಅವರದು ಯಾವಾಗಲೂ ಕುಂಕುಮದ ಕೆಂಪು. ರವಾನೆ ವಿಭಾಗದ ಜಲಜಾಕ್ಷಿಯಮ್ಮನದು ಮಜ್ಜಿಗೆಯ ಬಿಳುಪು. ದೊಡ್ಡ ಮೇಡಂ ಪರದೆಯ ಕೆಳಗೆ ಮಾತ್ರ ಒಂದು ದಿನವೂ ಏನೂ ಸೋರಿದ್ದಿಲ್ಲ. ಪರದೆ ಅಷ್ಟು ಗಟ್ಟಿ ಅಂದುಕೊಂಡಿದ್ದೆ.

ಪರದೆ ಮಡಿಸಿಟ್ಟು ಕ್ಯಾಂಟೀನಿಗೆ ಬಂದಾಗ ಎಲ್ಲರ ಬಾಯಿಯೂ ಒಟ್ಟಿಗೇ ತೆರೆದಿತ್ತು. ನಾನು ನೀರಿನ ಹಂಡೆಯ ಪಕ್ಕ, ನನ್ನ ಮಾಮೂಲಿ ಜಾಗದಲ್ಲಿ ನಿಂತುಕೊಂಡೆ. ಅಲ್ಲಿ ನಿಂತರೆ ಯಾರಿಗೂ ನಾನು ಇದ್ದೇನೆ ಅನ್ನಿಸುವುದಿಲ್ಲ.

"ಮದುವೆ ಕಣ್ರೀ, ಬರೆದಿಟ್ಕೊಳ್ಳಿ" ಅಂದರು ಫಣಿರಾಜ್.

"ಈ ವಯಸ್ಸಲ್ಲಾ? ಐವತ್ತು ದಾಟ್ತಲ್ಲ ಅವರಿಗೆ?" ಜಲಜಾಕ್ಷಿಯಮ್ಮ ಲೋಟ ಕೆಳಗಿಟ್ಟರು.

"ಐವತ್ತಾದ್ರೇನು? ಗಂಡಿಗೆ ಕಣ್ಣು ಸ್ವಲ್ಪ ಮಂದ ಇದ್ರೆ ಆಯ್ತು."

"ಓಹೋ, ನಿಮ್ಮ ಹೆಂಡತಿಗೆ ಹಿಂಗೇ ಅಂತ ಹೇಳಿ ಒಪ್ಪಿಸಿದ್ರಾ?"

ಎಲ್ಲರೂ ನಕ್ಕರು. ಫಣಿರಾಜ್ ಕೂಡ ನಕ್ಕರು, ಆದರೆ ಕಿವಿ ಕೆಂಪಾಯಿತು. ಯಾರೋ ಹೊಳೆಯಾಚೆಯ ಮರದ ತಟ್ಟಿ ಮಾಡುವ ಕಂಪನಿಯವರು ಮೇಡಂ ಅವರನ್ನು ಎಳೆದುಕೊಂಡಿರಬೇಕು ಅಂದರು. ಇನ್ಯಾರೋ ಸಾಹುಕಾರರು ಅಗ್ಗದ ಒಂಟಿ ಪದರದ ಪರದೆ ಮಾಡಿ ಅಂದಿದ್ದಕ್ಕೆ ಮೇಡಂ ಸಿಟ್ಟಾಗಿ ಹೋದರು ಅಂದರು. "ಅಲ್ಲಾರೀ, ಒಂಟಿ ಪದರ ಅಂದ್ರೆ ಬಟ್ಟೆ ಇಲ್ಲದೆ ಮಲಗಿದಂಗೆ ಅಲ್ವಾ? ಅದಕ್ಕೆ ಅವರು ಒಪ್ತಾರಾ?" ಅಂತ ಜಲಜಾಕ್ಷಿಯಮ್ಮ ಅದನ್ನೇ ನಂಬಿದರು. ಫಣಿರಾಜ್ ದನಿ ತಗ್ಗಿಸಿ, "ನಾನೊಂದು ಹೇಳ್ತೀನಿ, ನನ್ನ ಹೆಸರು ಹೇಳ್ಬೇಡಿ. ಆಯಮ್ಮ ಸಾಹುಕಾರರ ಕನಸು ನೋಡಿಬಿಟ್ಟಿದ್ದಾರೆ. ನೋಡಬಾರದ್ದು ಏನೋ ಕಂಡಿದೆ" ಅಂದರು.

"ಸಾಹುಕಾರರಿಗೆ ಕನಸೆಲ್ಲಿ ಬೀಳುತ್ತೆ? ಗೊರಕೆಗೇ ಹೊತ್ತು ಸಾಲಲ್ಲ" ಅಂದರು ಜಲಜಾಕ್ಷಿಯಮ್ಮ. ಮತ್ತೆ ನಗು.

ಟೀ ಸೋಸುತ್ತಿದ್ದ ಗಫೂರಣ್ಣ ತಲೆಯೆತ್ತಿದರು. ಕ್ಯಾಂಟೀನು ಶುರುವಾದಾಗಿನಿಂದ ಅವರೇ ಅಲ್ಲಿರುವುದು. "ನೀವು ಏನ್ ಬೇಕಾದ್ರೂ ಹೇಳ್ಕೊಳ್ಳಿ" ಅಂದರು. "ಆಯಮ್ಮ ಸಿಟ್ಟಲ್ಲಿ ಹೋದೋರಲ್ಲ. ಈಚೆಗೆ ಮುಖ ನೋಡಿದ್ರಾ ಯಾರಾದ್ರೂ? ಟೀ ತಗೊಂಡು ಹೋದ್ರೆ ಕಿಟಕಿ ಕಡೆ ನೋಡ್ಕೊಂಡು ನಗ್ತಾ ಕೂತಿರೋರು. ಮೊನ್ನೆ ನನ್ನ ಕೇಳ್ತಾರೆ, ಗಫೂರಣ್ಣ, ಸೀಬೆಕಾಯಿ ಸಿಗುತ್ತಾ? ಇನ್ನೂ ಗಟ್ಟಿ ಇರ್ಬೇಕು. ಎರಡು ಹೋಳು ಮಾಡಿ ಉಪ್ಪು ಖಾರ ಹಚ್ಚಿ ಕೊಡ್ತೀರಾ ಅಂತ. ಇಷ್ಟು ವರ್ಷದಲ್ಲಿ ಸಕ್ಕರೆ ಕಮ್ಮಿ ಅಂತ ಬಿಟ್ರೆ ಬೇರೆ ಮಾತೇ ಆಡಿಲ್ಲ ಅವರು ನನ್ ಹತ್ರ."

ನನ್ನ ಕೈಯಲ್ಲಿದ್ದ ಟೀ ಲೋಟದಿಂದ ತುಳುಕಿ ಪಾದದ ಮೇಲೆ ಬಿತ್ತು. ಸುಟ್ಟದ್ದು ಆಮೇಲೆ ಗೊತ್ತಾಯಿತು.

ಆ ಸೀಬೆಕಾಯಿ ನನ್ನದು. ಹೇಗೆ ಅಂತ ಹೇಳುತ್ತೇನೆ.

ನನಗೊಬ್ಬಳು ಅಕ್ಕ ಇದ್ದಳು, ಹೊನ್ನಕ್ಕ ಅಂತ. ಇದೇ ಕಂಪನಿಯ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ನಾನು ದಿನಾ ಶಾಲೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಶೆಡ್ಡಿನ ಹಿಂಬಾಗಿಲಿಗೆ ಬರುತ್ತಿದ್ದೆ. ಅವಳು ಅಲ್ಲಿಯ ಕಲ್ಲಿನ ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತಿದ್ದಳು. ತಲೆಕೂದಲಲ್ಲೆಲ್ಲ ಹತ್ತಿಯ ನಾರು. ಸೆರಗಲ್ಲಿ ಸುತ್ತಿಟ್ಟ ಸೀಬೆಕಾಯಿ ತೆಗೆದು, ಹಲ್ಲಿಂದಲೇ ಕಚ್ಚಿ ಎರಡು ಮಾಡಿ, ಉಪ್ಪು ಖಾರ ಹಚ್ಚಿ, ದೊಡ್ಡ ಹೋಳು ನನಗೆ ಕೊಡುತ್ತಿದ್ದಳು. ಒಂದು ಬೇಸಿಗೆ ಜ್ವರ ಬಂದು ಹೋಗಿಬಿಟ್ಟಳು. ಮನೆಯಲ್ಲಿ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿ ನನ್ನ ಶಾಲೆಯೂ ಅಲ್ಲಿಗೇ ನಿಂತಿತು. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಮೂಗಿನ ಪಕ್ಕ ಮಚ್ಚೆ ಇತ್ತು ಅಂತ ಅವ್ವ, ಗಲ್ಲದ ಮೇಲೆ ಅಂತ ಅಪ್ಪ. ನನಗೆ ಮಾತ್ರ ಖಚಿತವಾಗಿ ಗೊತ್ತಿತ್ತು, ಯಾಕೆಂದರೆ ನನಗೆ ಅವಳು ಕನಸಿನಲ್ಲಿ ಸಿಗುತ್ತಿದ್ದಳು. ಅದೇ ಮೆಟ್ಟಿಲು, ಅದೇ ಬಿಸಿಲು. ನನ್ನನ್ನು ಕಂಡ ಕೂಡಲೇ ಪಕ್ಕದ ಜಾಗವನ್ನು ಅಂಗೈಯಲ್ಲಿ ತಟ್ಟಿ, "ಬಾ ದೇವೀ, ಕೂತ್ಕೋ" ಅನ್ನುತ್ತಿದ್ದಳು. ನಾನು ಹತ್ತಿರ ಹೋಗಿ, ಲಂಗ ಮುದುರಿಕೊಂಡು, ಕೂರಲು ಬಗ್ಗುತ್ತಿದ್ದೆ. ಅಲ್ಲಿಗೆ ಕನಸು ಮುಗಿಯುತ್ತಿತ್ತು. ಪ್ರತಿ ಸಲವೂ ಅಲ್ಲಿಗೇ.

ಎಲ್ಲರನ್ನೂ ಎಬ್ಬಿಸಿ ಕಳಿಸಿದ ಮೇಲೆ ನಿದ್ದೆಮನೆಯ ಹಿಂದಿನ ಉಗ್ರಾಣದಲ್ಲಿ, ಹಳೆಯ ಬಟ್ಟೆಗಳ ಬುಟ್ಟಿಗಳ ಮರೆಯಲ್ಲಿ ನಾನು ಒಂದಿಷ್ಟು ಹೊತ್ತು ಒರಗುತ್ತಿದ್ದೆ. ಅಲ್ಲಿಗೆ ಯಾರೂ ಬರುವುದಿಲ್ಲ. ನನ್ನ ಪರದೆ ಅವ್ವನ ಕಾಲದ್ದು, ನಡುವೆ ಹರಿದಿದೆ. ಒಂದು ದಿನ ಕಣ್ಣು ಬಿಟ್ಟಾಗ ಎದುರಿಗೆ ದೊಡ್ಡ ಮೇಡಂ ನಿಂತಿದ್ದರು. ಕೈಯಲ್ಲಿ ಯಾವುದೋ ಬಟ್ಟೆಯ ಮಾದರಿ. ನಮ್ಮೂರಲ್ಲಿ ಯಾರೇ ಆದರೂ ಆ ಹೊತ್ತಿಗೆ ಗೋಡೆ ಕಡೆ ತಿರುಗಿರಬೇಕಿತ್ತು. ಅವರು ತಿರುಗಿರಲಿಲ್ಲ. ಮುಖ ಒದ್ದೆಯಾಗಿತ್ತು. ನಾನು ಧಡಕ್ಕನೆ ಎದ್ದು ಸೆರಗು ಸರಿಮಾಡಿಕೊಂಡೆ. "ಏಳು, ಹೊತ್ತಾಯ್ತು" ಅಂದರು, ಎಬ್ಬಿಸುವವಳನ್ನೇ ಎಬ್ಬಿಸುವ ಹಾಗೆ. ಹೊರಟುಹೋದರು. ಈಗತಾನೇ ಬಂದಿರಬೇಕು, ಏನೂ ನೋಡಿರಲಿಕ್ಕಿಲ್ಲ ಅಂದುಕೊಂಡೆ. ಅವತ್ತಿನಿಂದ ಅಕ್ಕ ಬರಲಿಲ್ಲ. ಮೈ ಹುಷಾರಿಲ್ಲವೇನೋ, ಉಂಡದ್ದು ಹೆಚ್ಚಾಯಿತೇನೋ ಅಂತ ಏನೇನೋ ಸಮಾಧಾನ ಮಾಡಿಕೊಂಡೆ. ದಿನ ಕಳೆದಂತೆ ಮಚ್ಚೆ ಮೂಗಿನ ಪಕ್ಕವೋ ಗಲ್ಲದ ಮೇಲೋ ಅನ್ನುವುದು ನನಗೂ ಅನುಮಾನವಾಗತೊಡಗಿತು. ಮೇಡಂ ನೋಡಿಬಿಟ್ಟರೇನೋ ಅನ್ನಿಸಿ ಮೇಲಿನ ಕೋಣೆಯ ಬಾಗಿಲವರೆಗೆ ಹೋಗಿ ನಿಂತಿದ್ದೆ, ಒಂದಲ್ಲ ಹಲವು ಸಲ. ಕೇಳಲು ಬಾಯಿ ಬರಲಿಲ್ಲ. ಮೇಡಂ ತಲೆಯೆತ್ತಿದರೆ, "ಕಿಟಕಿ ಒರೆಸ್ಲಾ ಮೇಡಂ?" ಅಂತಿದ್ದೆ. "ಹೂಂ" ಅಂತಿದ್ದರು. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಆ ಕಿಟಕಿಯಷ್ಟು ಸ್ವಚ್ಛವಾದ ಕಿಟಕಿ ಈ ಊರಲ್ಲಿ ಇನ್ನೊಂದು ಇರಲಾರದು.

"ಏ ದೇವೀರಿ" ಅಂತ ಫಣಿರಾಜ್ ಕರೆದಾಗ ಬೆಚ್ಚಿಬಿದ್ದೆ. ಕ್ಯಾಂಟೀನಿನಲ್ಲಿ ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. "ಮೇಡಂ ಪರದೆ ಮನೆಗೆ ಮುಟ್ಟಿಸ್ಬೇಕಲ್ಲ? ನೀನೇ ಹೋಗು."

ಕೆಲಸ ಬಿಟ್ಟವರ ಪರದೆಯನ್ನು ಅವರ ಮನೆಗೆ ತಲುಪಿಸುವುದು ನಮ್ಮಲ್ಲಿ ಪದ್ಧತಿ. ಮದುವೆಯಾಗಿ ಹೋದರೂ ಪರದೆ ಜೊತೆಗೆ ಹೋಗುತ್ತದೆ, ಸತ್ತರೂ ಹೋಗುತ್ತದೆ. ನಾನು ತಲೆಯಾಡಿಸಿದೆ.

"ಈಗ ಬೇಡ, ಊಟ ಆದ್ಮೇಲೆ ಹೋಗು" ಅಂದರು ಫಣಿರಾಜ್. ಆಮೇಲೆ ಹತ್ತಿರ ಬಂದು, "ಎಲ್ಲರೂ ಮಲಗೋ ಹೊತ್ತಲ್ವಾ? ಅವರೂ ಮಲಗಿರ್ತಾರೆ. ಪರದೆ ನಿನ್ನ ಕೈಲಿರುತ್ತೆ. ಅಂದ್ರೆ ಅವರಿಗೆ ಮರೆ ಇರಲ್ಲ. ಸುಮ್ನೆ ಒಂದ್ಸಲ ಕಣ್ಣಾಡಿಸು. ಪೂರ್ತಿ ಬೇಡ ಮತ್ತೆ, ಅರ್ಧ ಸಾಕು. ಯಾಕೆ ಬಿಟ್ರು ಅಂತ ಅದರಲ್ಲೇ ಗೊತ್ತಾಗುತ್ತೆ" ಅಂದರು.

"ಥೂ, ನಾಚ್ಕೆ ಆಗಲ್ವೇನ್ರೀ ನಿಮಗೆ? ಮದುವೆಯಾಗದ ಹುಡುಗಿ ಹತ್ರ ಇಂಥ ಮಾತಾ?" ಅಂತ ಜಲಜಾಕ್ಷಿಯಮ್ಮ ಬೈದರು. ಬೈದು, ಒಂದು ಗುಟುಕು ಟೀ ಕುಡಿದು, ನನ್ನ ಕಡೆ ತಿರುಗಿ, "ಅಕಸ್ಮಾತ್ ಕಂಡ್ರೆ ಕಾಣುತ್ತಪ್ಪ, ಅದಕ್ಕೇನ್ ಮಾಡೋಕಾಗುತ್ತೆ. ಬಂದ್ಮೇಲೆ ಮೊದಲು ನನ್ ಹತ್ರ ಬಾ" ಅಂದರು.

ಗಫೂರಣ್ಣ ಮಾತ್ರ ಒಂದು ಸೀಬೆಕಾಯಿ ತಂದು ನನ್ನ ಕೈಗಿಟ್ಟರು. "ಅವತ್ತು ಸಿಕ್ಕಿರಲಿಲ್ಲ, ಇವತ್ತು ಸಿಕ್ತು. ಆಯಮ್ಮಂಗೆ ಕೊಡು."

ಮಧ್ಯಾಹ್ನದ ಬೀದಿಯಲ್ಲಿ ನಾನೊಬ್ಬಳೇ ನಡೆದೆ. ಹೆಗಲ ಮೇಲೆ ಪರದೆ ಮಗುವಿನ ಹಾಗೆ ಭಾರವಾಗಿ ಒರಗಿತ್ತು. ಅಂಗಡಿಗಳಿಗೆಲ್ಲ ಬಟ್ಟೆ ಇಳಿಬಿಟ್ಟಿದ್ದರು. ತೂಕದ ತಕ್ಕಡಿ, ಕ್ಷೌರದಂಗಡಿಯ ಕನ್ನಡಿ, ಬಾವಿಯ ರಾಟೆ, ಎಲ್ಲವೂ ಯಾರೋ ಹೇಳಿದ್ದಕ್ಕೆ ಸುಮ್ಮನಾದಂತೆ ಸುಮ್ಮನಿದ್ದವು. ಬಾಗಿಲುಗಳ ಕೆಳಗಿನಿಂದ ಬಣ್ಣಗಳು ಬೀದಿಗೆ ಇಣುಕುತ್ತಿದ್ದವು. ಒಂದು ಹೊಸಿಲಿನ ಹತ್ತಿರ ನವಿಲಿನ ಕುತ್ತಿಗೆಯ ನೀಲಿ. ಇನ್ನೊಂದರ ಹತ್ತಿರ ಮಾಗಿದ ಬಾಳೆಯ ಹಳದಿ, ಅದರಲ್ಲಿ ಪುಟ್ಟ ಪುಟ್ಟ ಕಾಲುಗಳು ಓಡಾಡುತ್ತಿದ್ದವು. ತುಂಗಮ್ಮನ ಮನೆಯ ಮುಂದೆ ಹಾದಾಗ ಅಲೆ ಬಂದು ಹೋದಂತಾಯಿತು. ಜಗಲಿಯ ಮೇಲೆ ಅವರ ಗಂಡ ನಿದ್ದೆ ಬಾರದೆ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಕಿವಿ ಮಾತ್ರ ಒಳಗಿತ್ತು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟುಕೊಂಡರು. ಛಾವಣಿ ಇಲ್ಲದ ಕಡೆ ಏನು ನೋಡುವುದು? ನಾನು ಆಕಾಶ ನೋಡಿಕೊಂಡು ನಡೆದೆ. ಅಲ್ಲಿ ಗಿಳಿಗಳಿರಲಿಲ್ಲ.

ದಾರಿಯುದ್ದಕ್ಕೂ ಒಂದೇ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಮೇಡಂ, ನನ್ನ ಅಕ್ಕನ್ನ ವಾಪಸ್ ಕೊಡಿ. ಅಷ್ಟೇ. ಜೋರಾಗಿ ಹೇಳಬೇಕಿಲ್ಲ. ಹೇಳಿದರೆ ಸಾಕು. ಹೇಳದೆ ಇವತ್ತು ಹಿಂದಿರುಗಿದರೆ ಆ ಮುಖ ನನಗೆ ಇನ್ನು ಯಾವತ್ತೂ ಸಿಗುವುದಿಲ್ಲ ಅನ್ನುವುದು ಗೊತ್ತಿತ್ತು.

ಮೇಡಂ ಮನೆ ಊರಿನ ಅಂಚಿನಲ್ಲಿ, ಒಂದೇ ಕೋಣೆಯದು. ಬಾಗಿಲು ತೆರೆದೇ ಇತ್ತು. ಅವರು ಮಲಗಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿಕೊಂಡು, ಅದರ ಮೇಲೆ ಕೂತು, ಬಾಗಿಲ ಕಡೆಯೇ ನೋಡುತ್ತಿದ್ದರು. ಆಫೀಸಿನಲ್ಲಿ ಬಿಗಿಯಾಗಿರುತ್ತಿದ್ದ ತುರುಬು ಬಿಚ್ಚಿ ಬೆನ್ನ ಮೇಲಿತ್ತು. ಆ ಕೋಣೆಯಲ್ಲಿ ಒಂದು ತುಂಡು ಪರದೆಯೂ ಇರಲಿಲ್ಲ. ಕಿಟಕಿಗಿಲ್ಲ, ಬಾಗಿಲಿಗಿಲ್ಲ, ಹಾಸಿಗೆಯ ಸುತ್ತಲೂ ಇಲ್ಲ.

"ನೀನೇ ಬರ್ತೀಯ ಅಂದ್ಕೊಂಡಿದ್ದೆ" ಅಂದರು.

ನಾನು ಪರದೆಯನ್ನು ಅವರ ಮುಂದಿಟ್ಟೆ. ಅದರ ಮೇಲೆ ಸೀಬೆಕಾಯಿ ಇಟ್ಟೆ. ಅವರು ಸೀಬೆಕಾಯಿಯನ್ನೇ ನೋಡುತ್ತಿದ್ದರು.

"ಅವಳು ನಿನಗೇನಾಗ್ಬೇಕು?"

"ಅಕ್ಕ" ಅಂದೆ.

"ಹೆಸರು?"

"ಹೊನ್ನಮ್ಮ. ಹೊನ್ನಕ್ಕ ಅಂತೀವಿ."

"ಹೊನ್ನಕ್ಕ" ಅಂತ ಅವರು ಮೆಲ್ಲಗೆ ಹೇಳಿ ನೋಡಿದರು, ಬಿಸಿ ಇದೆಯೋ ಅಂತ ನಾಲಿಗೆಗೆ ಹಚ್ಚಿ ನೋಡುವ ಹಾಗೆ. "ದಿನಾ ಬರ್ತಾಳೆ. ಹೆಸರೇ ಗೊತ್ತಿರಲಿಲ್ಲ. ನಾನು ಆ ಶೆಡ್ಡಲ್ಲಿ ಅಷ್ಟು ವರ್ಷ ಇದ್ದೆ ದೇವೀರಿ, ಆ ಮೆಟ್ಟಿಲ ಮೇಲೆ ಒಂದಿನಾನೂ ಕೂತಿರಲಿಲ್ಲ. ಯಾರೂ ಕರೀಲಿಲ್ಲ. ಕರೆದ್ರೂ ನಾನು ಕೂರ್ತಿರಲಿಲ್ವೇನೋ."

ಅವರು ಸೀಬೆಕಾಯಿ ಎತ್ತಿ, ಮೂಸಿ, ಮತ್ತೆ ಅಲ್ಲೇ ಇಟ್ಟರು.

"ನನಗೆ ಕನಸು ಬೀಳೋದು ನಿಂತು ಎಷ್ಟು ಕಾಲ ಆಯ್ತೋ. ಅದಕ್ಕೇ ಅಷ್ಟು ದಪ್ಪದ ಪರದೆ ನೇಯಿಸ್ಕೊಂಡೆ. ಒಳಗೆ ಏನೂ ಇಲ್ಲ ಅನ್ನೋದು ಯಾರಿಗೂ ಗೊತ್ತಾಗ್ಬಾರ್ದು ಅಂತ. ಅವತ್ತು ಉಗ್ರಾಣಕ್ಕೆ ಬಂದಾಗ ಮುಖ ತಿರುಗಿಸೋಣ ಅಂತಲೇ ಇದ್ದೆ. ಅವಳು ಪಕ್ಕದಲ್ಲಿ ತಟ್ಟಿ ಕೂತ್ಕೋ ಅಂದ್ಲು. ನನ್ನನ್ನೇ ಅಂದಂಗಾಯ್ತು. ಮುಗಿದೇ ಹೋಯ್ತು." ಅವರು ಪರದೆಯ ಅಂಚನ್ನು ಬೆರಳಲ್ಲಿ ಉಜ್ಜಿದರು. "ಆಮೇಲೆ ನೀನು ಕಿಟಕಿ ಒರೆಸ್ತಾ ನಿಂತಿರ್ತಿದ್ದೆ. ನಾನು ನಿನಗೆ ಬೆನ್ನು ಹಾಕಿ, ಯಾವಾಗ ಮಧ್ಯಾಹ್ನ ಆಗುತ್ತೆ, ಯಾವಾಗ ಮಲಗ್ತೀನಿ ಅಂತ ಕಾಯ್ತಿದ್ದೆ. ಊರಿಗೆಲ್ಲ ಪರದೆ ಮಾರೋಳು ನಾನು. ಆ ಕುರ್ಚಿ ಮೇಲೆ ಹೆಂಗೆ ಕೂರ್ಲಿ?"

ಹೊರಗೆ ಎಲ್ಲೋ ಒಂದು ಪಾರಿವಾಳ ಗುಟುರು ಹಾಕಿ ನಿಲ್ಲಿಸಿತು. ಕಂಪನಿಯಲ್ಲಿ ಈಗ ಎಲ್ಲರೂ ತಮ್ಮ ತಮ್ಮ ಪರದೆಯ ಹಿಂದೆ, ನಾನು ತರುವ ಸುದ್ದಿಗೆ ಕಾಯುತ್ತಾ ಮಲಗಿರುತ್ತಾರೆ ಅನ್ನಿಸಿತು. ಇದನ್ನು ಯಾರಿಗೆ ಹೇಳುವುದು? ಮದುವೆಯಂತೆ ಅಂದರೆ ಅವರಿಗೂ ಖುಷಿ, ನನಗೂ ಸುಲಭ.

"ಬಾಗಿಲು ಹಾಕಬೇಡ, ಬೆಳಕಿರಲಿ" ಅಂದರು ಮೇಡಂ. ಚಾಪೆಯ ಮೇಲೆ ಉದ್ದಕ್ಕೆ ಮಲಗಿದರು. "ನಾನು ಈಗ ಮಲಗ್ತೀನಿ. ಅವಳು ಬಂದ ಕೂಡಲೇ ನೋಡೋಕೆ ಶುರು ಮಾಡು. ಕೊನೇವರೆಗೂ ನೋಡಿ ತಗೊಂಡು ಹೋಗು. ನಾನು ಎದ್ದಾಗ ನೀನು ಇಲ್ಲಿರಬೇಡ, ಆಯ್ತಾ? ಏನಂತ ಮಾತಾಡೋದು ಅಂತ ನನಗೆ ಗೊತ್ತಾಗಲ್ಲ." ಕಣ್ಣು ಮುಚ್ಚಿದರು. ಮತ್ತೆ ತೆರೆದು, "ಮಚ್ಚೆ ಇರೋದು ಕಿವಿ ಹತ್ರ" ಅಂದರು. "ಮರೆತಿದ್ದೀಯೇನೋ ಅಂತ ಹೇಳ್ದೆ."

ಮೂಗೂ ಅಲ್ಲ, ಗಲ್ಲವೂ ಅಲ್ಲ, ಕಿವಿ. ಹೌದು, ಎಡಗಿವಿಯ ಕೆಳಗೆ. ನಾನು ಗೋಡೆಗೆ ಒರಗಿ ಕೂತೆ. ಅವರ ಉಸಿರು ನಿಧಾನವಾಗುತ್ತಾ ಹೋಯಿತು. ಹುಬ್ಬುಗಳ ನಡುವಿನ ಗಂಟು ಸಡಿಲವಾಯಿತು. ಆಮೇಲೆ ದಿಂಬಿನ ಕಡೆಯಿಂದ ಬೆಳಕು ಮೆಲ್ಲಗೆ ಇಳಿದು, ಕೆಂಪು ನೆಲದ ಮೇಲೆ ಹರಡುತ್ತಾ, ನನ್ನ ಸುಟ್ಟ ಪಾದದ ಬೆರಳುಗಳವರೆಗೆ ಬಂದು ನಿಂತಿತು. ಹುಟ್ಟಿದಾಗಿನಿಂದ ಮಾಡದೇ ಇದ್ದ ಕೆಲಸ. ಕುತ್ತಿಗೆ ತಾನಾಗಿಯೇ ಛಾವಣಿಯ ಕಡೆ ಹೊರಳಿತು. ಅದನ್ನು ಬಲವಂತವಾಗಿ ತಗ್ಗಿಸಿದೆ.

ಅಕ್ಕ ಅಲ್ಲಿದ್ದಳು. ಕೂದಲಲ್ಲಿ ಹತ್ತಿಯ ನಾರು, ಕಿವಿಯ ಕೆಳಗೆ ಮಚ್ಚೆ. ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂತ ಯಾರು ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಅವಳು ಪಕ್ಕದ ಜಾಗವನ್ನು ತಟ್ಟಿ, "ಬಾ, ಕೂತ್ಕೋ" ಅಂದಳು. ಎರಡು ಜಡೆಯ ಒಬ್ಬ ಹುಡುಗಿ ಹತ್ತಿರ ಹೋದಳು. ಬೆರಳುಗಳಿಗೆ ನೂಲಿನ ಬಣ್ಣ ಮೆತ್ತಿತ್ತು. ನಡಿಗೆಯಿಂದಲೇ ಗುರುತು ಸಿಕ್ಕಿತು. ಹೆಗಲು ಸ್ವಲ್ಪ ಮುಂದೆ ಬಾಗಿಸಿ, ಯಾರಾದರೂ ಗದರಿಯಾರು ಅನ್ನುವ ಹಾಗೆ ನಡೆಯುತ್ತಿದ್ದಳು. ಮೇಡಂ ಆಗ ಹೀಗಿದ್ದರಾ? ಅವಳು ಲಂಗ ಮುದುರಿಕೊಂಡು ಬಗ್ಗಿದಳು. ನನಗೆ ಯಾವತ್ತೂ ಮುಗಿಯುತ್ತಿದ್ದ ಜಾಗ ಅದು. ಕನಸು ಮುಗಿಯಲಿಲ್ಲ. ಹುಡುಗಿ ಕೂತಳು. ನನ್ನ ಅಕ್ಕನ ಪಕ್ಕದಲ್ಲಿ, ನನ್ನ ಜಾಗದಲ್ಲಿ, ಗಟ್ಟಿಯಾಗಿ ಕೂತಳು. ಅಕ್ಕ ಸೀಬೆಕಾಯಿ ಕಚ್ಚಿ ಎರಡು ಮಾಡಿ ದೊಡ್ಡ ಹೋಳು ಅವಳಿಗೆ ಕೊಟ್ಟಳು. ಹುಡುಗಿ ಖಾರಕ್ಕೆ ಬಾಯಿ ಸುಡಿಸಿಕೊಂಡು ಹಾ ಹಾ ಅಂದಾಗ ಅಕ್ಕ ನಕ್ಕಳು. ಆ ನಗುವಿಗೆ ಒಂದು ಸದ್ದಿತ್ತು ಅನ್ನುವುದೇ ನನಗೆ ಮರೆತುಹೋಗಿತ್ತು.

ನೋಡುತ್ತಲೇ ಇದ್ದರೆ ಸಾಕಿತ್ತು. ಸೀಬೆಕಾಯಿ ಮುಗಿಯುತ್ತದೆ, ಇಬ್ಬರೂ ಎದ್ದು ಕೈ ಒರೆಸಿಕೊಳ್ಳುತ್ತಾರೆ, ಅಲ್ಲಿಗೆ ಎಲ್ಲವೂ ನನ್ನದು. ಚಾಪೆಯ ಮೇಲಿದ್ದ ಮೇಡಂ ಮುಖ ನೋಡಿದೆ. ಬಾಯಿ ಚಿಕ್ಕ ಮಕ್ಕಳ ಬಾಯಿಯಂತೆ ಸ್ವಲ್ಪ ತೆರೆದಿತ್ತು. ಖಾರ ಹತ್ತಿದವರ ಹಾಗೆ ತುಟಿ ಅಲ್ಲಾಡುತ್ತಿತ್ತು. ಬೆಳಿಗ್ಗೆ ನಾನು ಪರದೆ ಇಳಿಸಿದಾಗ ಕಂಡದ್ದು ನೆನಪಾಯಿತು. ಒಂದು ಚಾಪೆ, ಒಂದು ದಿಂಬು, ಗೋಡೆಯಲ್ಲಿ ಒಂದು ಮೊಳೆ.

ಹಸಿರು ಪರದೆಯನ್ನು ಎಳೆದುಕೊಂಡೆ. ಅವರಿಗೂ ನನಗೂ ನಡುವೆ ಹಿಡಿದರೆ ಆಯಿತು, ಅಕ್ಕ ಅವರಲ್ಲೇ ಉಳಿಯುತ್ತಾಳೆ. ತೋಳು ಅಷ್ಟು ಮೇಲೆ ಏಳಲಿಲ್ಲ. ಅದನ್ನು ಮಡಿಲಲ್ಲಿ ಹಾಕಿಕೊಂಡೆ. ಆಮೇಲೆ ಎದ್ದು ಬಿಡಿಸಿ, ಕಿಟಕಿಯ ಕಂಬಿಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿದೆ. ಬೀದಿ ಮರೆಯಾಯಿತು. ಪರದೆಯ ಒಳಗೆ ನಾವಿಬ್ಬರೇ ಉಳಿದೆವು. ಮೂವರು. ಚಾಪೆಯ ಅಂಚಿನಲ್ಲಿ ಒಂದು ಕೈ ಅಗಲದ ಜಾಗವಿತ್ತು. ಅಲ್ಲಿ ಮಗ್ಗುಲಾಗಿ ಮಲಗಿದೆ. ಕೆನ್ನೆ ನೆಲಕ್ಕೆ ತಾಗಿದಾಗ ಮೆಟ್ಟಿಲ ಕಲ್ಲು ಬಿಸಿಯಾಗಿತ್ತು. ಅವರಿಬ್ಬರ ಕಾಲುಗಳು ನನ್ನ ಮುಖದ ಹತ್ತಿರವೇ ಆಡುತ್ತಿದ್ದವು. ಅಕ್ಕನ ಕೈಯಲ್ಲಿ ಇನ್ನೂ ಅರ್ಧ ಹೋಳು ಉಳಿದಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಒಂಚೂರು ಸರೀರಿ ಮೇಡಂ" ಅಂದೆ. "ನಾನೂ ಕೂತ್ಕೋತೀನಿ."